ನೀಲಿ ಕಳಚಿ ಹಸಿರು ತೊಟ್ಟಾಗ

‘ಸರ್, ನೀವು ಆರ್ಮಿಯಲ್ಲಿ ಇದ್ರಾ, ಏರ್‌ಫೋರ್ಸ್‌ನಲ್ಲಾ?’ ಪುಣೆಯ ನಮ್ಮ ಕಚೇರಿಗೆ ಹೊಸದಾಗಿ ಬಂದವರು ಕೇಳುವ ಪ್ರಶ್ನೆ ಇದು. ‘ಎರಡರಲ್ಲೂ’ ಎಂದರೆ ತಮಾಷೆ ಎಂದುಕೊಳ್ಳುತ್ತಾರೆ. ಬ್ಯಾಂಕಿನವರಿಗೆ ಒಂದು ಶಾಖೆಯಿಂದ ಇನ್ನೊಂದಕ್ಕೆ ವರ್ಗವಾದ ಹಾಗೆ ಇದೂ ಇರಬೇಕು ಎಂಬುದು ಹಲವರ ಊಹೆ. ಹಾಗಿಲ್ಲ. ಇಲ್ಲಿ ಕಲಿತದ್ದನ್ನು ಬದಿಗಿಟ್ಟು, ಮೊದಲ ದಿನದಿಂದ ಮತ್ತೆ ಶುರು ಮಾಡಬೇಕು.

ಬೈಲಹೊಂಗಲ ತಾಲ್ಲೂಕಿನ ನಮ್ಮೂರಿನಿಂದ 1986ರಲ್ಲಿ, ಪಿಯುಸಿ ಮುಗಿದ ಕೂಡಲೇ ವಾಯುಪಡೆ ಸೇರಿದೆ. ಜಾಲಹಳ್ಳಿಯಲ್ಲಿ ತರಬೇತಿ, ನಂತರ ಪಂಜಾಬಿನ ಒಂದು ವಾಯುನೆಲೆಯಲ್ಲಿ ರೇಡಿಯೋ ರಿಪೇರಿ ಕೆಲಸ. ಕಾರ್ಪೊರಲ್ ಆದೆ. ಕೆಲಸ ಕೈಗೆ ಹತ್ತಿತ್ತು, ಊರಿಗೆ ತಿಂಗಳು ತಿಂಗಳು ಮನಿಯಾರ್ಡರ್ ಹೋಗುತ್ತಿತ್ತು. ಒಂದು ರಾತ್ರಿಪಾಳಿಯಲ್ಲಿ ನಮ್ಮ ಸಾರ್ಜೆಂಟ್ ಒಂದು ಸುತ್ತೋಲೆಯನ್ನು ನನ್ನ ಬೆಂಚಿನ ಮೇಲಿಟ್ಟರು. ಕೇರಳದವರು, ಮಾತು ಕಡಿಮೆ. ‘ನನ್ನ ವಯಸ್ಸು ಮೀರಿತು. ನೀನು ಬರೆ’ ಎಂದರು.

ಅದು ಆರ್ಮಿ ಕೆಡೆಟ್ ಕಾಲೇಜಿನದು. ಅಧಿಕಾರಿಗಳಾಗಬಯಸುವ ಸಿಪಾಯಿಗಳಿಗೆಂದೇ ಇರುವ ಕಾಲೇಜು. ಭೂಸೇನೆಯವರಷ್ಟೇ ಅಲ್ಲ, ನೌಕಾಪಡೆ, ವಾಯುಪಡೆಯವರೂ ಅರ್ಜಿ ಹಾಕಬಹುದು. 1929ರಲ್ಲಿ ನೌಗಾಂವ್‌ನಲ್ಲಿ ಕಿಚನರ್ ಕಾಲೇಜಾಗಿ ಹುಟ್ಟಿದ ಸಂಸ್ಥೆ 1960ರಲ್ಲಿ ಈ ಹೆಸರು ಪಡೆದಾಗ ಉದ್ಘಾಟಿಸಿದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. 1977ರಲ್ಲಿ ಡೆಹ್ರಾಡೂನ್‌ಗೆ ಬಂತು. ಅಲ್ಲಿ ಮೂರು ವರ್ಷ ಓದಿ ಪದವಿ ಪಡೆಯಬೇಕು, ಮೇಲೆ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ಒಂದು ವರ್ಷ. ತೇರ್ಗಡೆಯಾಗದಿದ್ದರೆ ಹಳೆಯ ಘಟಕಕ್ಕೆ ವಾಪಸ್.

ಮನೆಯಲ್ಲಿ ಯಾರಿಗೂ ಸಮಾಧಾನವಿರಲಿಲ್ಲ. ‘ಇದ್ದ ನೌಕರಿಗೆ ಏನಾಗೇತಿ? ಇಪ್ಪತ್ನಾಕು ವರ್ಷದಾಂವ ಮತ್ತ ಸಾಲಿಗೆ ಹೊಂಟಿ ಅಂದ್ರ ಊರಾಗ ಏನಂತಾರ?’ ಎಂದರು ಅಪ್ಪ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತಂಗಿಯ ಮದುವೆಯ ಸಾಲ ಇನ್ನೂ ತೀರಿರಲಿಲ್ಲ. ಎಸ್‌ಎಸ್‌ಬಿಯಲ್ಲಿ ಮೊದಲ ಸಲ ಐದೂ ದಿನ ಉಳಿದು, ಕೊನೆಗೆ ನನ್ನ ನಂಬರ್ ಕೂಗಲಿಲ್ಲ. ಎರಡನೇ ಸಲ ಕೂಗಿದರು. 1992ರಲ್ಲಿ ಡೆಹ್ರಾಡೂನ್‌ಗೆ ಹೋದೆ.

ಮೊದಲ ಆರು ತಿಂಗಳು ನೆನೆದರೆ ಈಗಲೂ ಕಾಲು ನೋಯುತ್ತದೆ. ಆರು ವರ್ಷ ಕುಳಿತು ಬೆಸುಗೆ ಹಾಕಿದವನು ನಾನು. ಪಕ್ಕದಲ್ಲಿ ಓಡುತ್ತಿದ್ದವರು ಗುಡ್ಡ ಹತ್ತಿ ಇಳಿದು ಪಳಗಿದ ಪದಾತಿ ದಳದ ಹುಡುಗರು. ಬೆನ್ನಿಗೆ ಹೊರೆ, ಕೈಯಲ್ಲಿ ರೈಫಲ್. ಪ್ರತಿ ಓಟದಲ್ಲೂ ನಾನೇ ಕೊನೆ. ‘ಏರ್‌ಫೋರ್ಸ್, ವಿಮಾನ ತರಿಸಲಾ?’ ಎಂದು ರೇಗಿಸುತ್ತಿದ್ದರು. ನಕ್ಷೆ ಓದುವುದು, ಕಂದಕ ತೋಡುವುದು, ಬೈಗುಳ ಕೂಡ ಹೊಸತು. ಒಂದು ರಾತ್ರಿ ಸಾರ್ಜೆಂಟ್‌ಗೆ ಕಾಗದ ಬರೆದೆ: ಆಗುತ್ತಿಲ್ಲ, ವಾಪಸ್ ಬರುತ್ತೇನೆ, ನನ್ನ ಬೆಂಚು ಇಟ್ಟಿರಿ.

ಉತ್ತರ ಎರಡೇ ಸಾಲು. ‘ನಿನ್ನ ಬೆಂಚಿಗೆ ಬೇರೆ ಹುಡುಗ ಬಂದಿದ್ದಾನೆ. ಇಲ್ಲಿ ಜಾಗವಿಲ್ಲ.’

ಸಿಟ್ಟು ಬಂತು, ಅಳುವೂ ಬಂತು. ಮರುದಿನ ಬೆಳಿಗ್ಗೆ ಬೂಟು ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಮೈದಾನದಲ್ಲಿದ್ದೆ. ಹೋಗಲು ಬೇರೆ ಜಾಗವಿರಲಿಲ್ಲ.

1996ರಲ್ಲಿ ತೋಪುಖಾನೆಗೆ, ಅಂದರೆ ಆರ್ಟಿಲರಿಗೆ, ಅಧಿಕಾರಿಯಾಗಿ ಸೇರಿದೆ. ಧೋತರ, ಪಟಗಾ ಸುತ್ತಿಕೊಂಡು ಡೆಹ್ರಾಡೂನ್‌ಗೆ ಬಂದಿದ್ದ ಅಪ್ಪನೇ ಹೆಗಲಿಗೆ ನಕ್ಷತ್ರ ತೊಡಿಸಿದರು. ಕೈ ನಡುಗುತ್ತಿತ್ತು. ‘ಸಾಲಿ ಮುಗೀತಿಲ್ಲೋ?’ ಎಂದಷ್ಟೇ ಕೇಳಿದರು.

2007ರಲ್ಲಿ ಮೇಜರ್ ಆಗಿ ಕೆಲಸದ ಮೇಲೆ ಒಂದು ವಾಯುನೆಲೆಗೆ ಹೋಗಿದ್ದೆ. ಎದುರಿಗೆ ಬಂದ ವಾರಂಟ್ ಆಫೀಸರ್ ನಿಂತು ಸೆಲ್ಯೂಟ್ ಹೊಡೆದರು. ಅದೇ ಸಾರ್ಜೆಂಟ್! ತಲೆ ಪೂರ್ತಿ ನರೆತಿತ್ತು. ನಾನಿದ್ದಾಗ ವಾಯುಪಡೆಯದೂ ಭೂಸೇನೆಯ ಹಾಗೆ ಅಂಗೈ ಮುಂದಕ್ಕೆ ಕಾಣುವ ಸೆಲ್ಯೂಟ್. 2006ರಲ್ಲಿ ಅದು ಬದಲಾಗಿ ಅಂಗೈ 45 ಡಿಗ್ರಿ ಓರೆಯಾಗಿತ್ತು. ಓದಿ ತಿಳಿದಿದ್ದೆ, ಅವರ ಕೈಯಲ್ಲಿ ಕಂಡಾಗಲೇ ನಾನು ಬಿಟ್ಟ ಮನೆ ನಾನಿಲ್ಲದೆ ಎಷ್ಟು ಮುಂದೆ ಹೋಗಿದೆ ಎಂಬುದು ಮನಸ್ಸಿಗೆ ತಟ್ಟಿತು.

ಚಹಾ ಕುಡಿಯುತ್ತ ಕೇಳಿದೆ: ‘ನನ್ನ ಬೆಂಚಿಗೆ ಬಂದ ಹುಡುಗ ಈಗ ಎಲ್ಲಿದ್ದಾನೆ, ಸಾಬ್?’

ಅವರು ನಕ್ಕರು. ‘ಯಾವ ಹುಡುಗ? ನೀನು ಹೋದ ಮೇಲೆ ಆ ಬೆಂಚು ಒಂದು ವರ್ಷ ಖಾಲಿ ಇತ್ತು. ನಿನ್ನ ಕೆಲಸವನ್ನೂ ನಾನೇ ಮಾಡಿದೆ.’

ಊರಿನ ಹುಡುಗರು ಈಗಲೂ ಫೋನ್ ಮಾಡಿ ಕೇಳುತ್ತಾರೆ. ವಯಸ್ಸು ಇಪ್ಪತ್ತರಿಂದ ಇಪ್ಪತ್ತೇಳರೊಳಗೆ, ಎರಡು ವರ್ಷ ಸೇವೆ, ಪಿಯುಸಿ ಪಾಸು ಎಂದು ನಿಯಮ ಹೇಳುತ್ತೇನೆ. ಹೆದರಿಕೆಯಾಗುತ್ತದೆ ಎಂದವರಿಗೆ ಈ ಬೆಂಚಿನ ಕಥೆ ಹೇಳುತ್ತೇನೆ.