ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ

ಮಕ್ಕಳೇ, ರಾತ್ರಿ ದೀಪ ಆರಿಸಿದ ಮೇಲೆ ಮೊಬೈಲ್ ನೋಡಿದರೆ ಬಿಳಿ ಪರದೆ ಕಣ್ಣಿಗೆ ಚುಚ್ಚುತ್ತದೆ, ಅಲ್ಲವೇ? ಇದಕ್ಕೆ ಪರಿಹಾರವಾಗಿ 'ಡಾರ್ಕ್ ಮೋಡ್' ಇದೆ. ಹಿನ್ನೆಲೆ ಕಪ್ಪು, ಅಕ್ಷರ ಬಿಳಿ. 2019ರಲ್ಲಿ ಆಂಡ್ರಾಯ್ಡ್ 10 ಮತ್ತು ಐಓಎಸ್ 13 ಬಂದಾಗ ಇದರ ಬಳಕೆ ಹೆಚ್ಚಿತು. ಹಾಗಾದರೆ ಬಣ್ಣಗಳನ್ನು ಅದಲು ಬದಲು ಮಾಡಿದರೆ ಸಾಕೇ? ಸಾಲದು. ಏಕೆ? ಉತ್ತರ ನಮ್ಮ ಕಣ್ಣಿನಲ್ಲೇ ಇದೆ.

ಮಾಡಿ ನೋಡಿ

ಕನ್ನಡಿ ಹಿಡಿದು ಕಿಟಕಿಯ ಬಳಿ ನಿಲ್ಲಿ. ಅರ್ಧ ನಿಮಿಷ ಕಣ್ಣು ಮುಚ್ಚಿ. ತಟ್ಟನೆ ತೆರೆದು ಕನ್ನಡಿಯಲ್ಲಿ ಕಣ್ಣಿನ ಪಾಪೆಯನ್ನು ಗಮನಿಸಿ. ಅಗಲವಾಗಿದ್ದ ಪಾಪೆ ಕಿರಿದಾಗುವುದು ಕಾಣುತ್ತದೆ. (ಸೂರ್ಯನನ್ನು ನೇರವಾಗಿ ನೋಡಬಾರದು.)

ಬೆಳಕು ಕಡಿಮೆಯಾದಾಗ ಪಾಪೆ ಹಿಗ್ಗುತ್ತದೆ. ಕಪ್ಪು ಪರದೆ ನೋಡುವಾಗಲೂ ಹೀಗೆಯೇ. ಆಗ ಕಣ್ಣಿನ ಮಸೂರದ ಅಂಚಿನಿಂದಲೂ ಬೆಳಕು ಒಳಬರುತ್ತದೆ. ಈ ಕಿರಣಗಳೆಲ್ಲ ಅಕ್ಷಿಪಟಲದ ಮೇಲೆ ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ. ಆದ್ದರಿಂದ ಹೊಳೆಯುವ ಬಿಳಿ ಅಕ್ಷರದ ಅಂಚು ಹರಡಿದಂತೆ ಕಾಣುತ್ತದೆ. ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷ ಇರುವವರಿಗೆ ಇದು ಇನ್ನೂ ಹೆಚ್ಚು.

ಕನ್ನಡಕ್ಕೆ ಇದು ದೊಡ್ಡ ತೊಂದರೆ. 'ದ' ಮತ್ತು 'ಧ' ಅಕ್ಷರಗಳಿಗೆ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಗೀಟು ಮಾತ್ರ. ಅದು ಮಸುಕಾದರೆ 'ಧನ' ಹೋಗಿ 'ದನ' ಆಗುತ್ತದೆ!

ಒಳ್ಳೆಯ ವಿನ್ಯಾಸ ಹೇಗಿರಬೇಕು?

1. ಹಿನ್ನೆಲೆ ಅಚ್ಚ ಕಪ್ಪಿನ ಬದಲು ಗಾಢ ಬೂದು ಬಣ್ಣದ್ದಾಗಿರಲಿ.

2. ಅಕ್ಷರ ಅಚ್ಚ ಬಿಳಿಯ ಬದಲು ತಿಳಿ ಬೂದು ಇರಲಿ. ಅಚ್ಚ ಕಪ್ಪು ಮತ್ತು ಅಚ್ಚ ಬಿಳಿಯ ಹೊಳಪಿನ ಅನುಪಾತ 21:1. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ಮಾರ್ಗಸೂಚಿ. ಇವೆರಡರ ನಡುವೆ ಹಿತವಾದುದನ್ನು ಆರಿಸಬೇಕು.

3. ಅಕ್ಷರ ತೀರ ಸಣ್ಣದಾಗಿರಬಾರದು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಜಾಗವಿರಲಿ.

4. ಬಿಸಿಲಿನಲ್ಲಿ ಕಪ್ಪು ಪರದೆ ಕನ್ನಡಿಯಂತೆ ನಮ್ಮ ಮುಖವನ್ನೇ ತೋರಿಸುತ್ತದೆ. ಆಗ ಬಿಳಿ ಹಿನ್ನೆಲೆಯೇ ಮೇಲು. ಆದ್ದರಿಂದ ಬದಲಾಯಿಸುವ ಅವಕಾಶ ಓದುಗರಿಗೇ ಇರಬೇಕು.

ನಿಮಗೆ ಗೊತ್ತೇ?

ಓಎಲ್ಇಡಿ ಪರದೆಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ. ಅಚ್ಚ ಕಪ್ಪು ಎಂದರೆ ಆ ಚುಕ್ಕೆ ಆರಿದೆ ಎಂದರ್ಥ. ಹಾಗಾಗಿ ಬ್ಯಾಟರಿ ಉಳಿಯುತ್ತದೆ. ಸಾಮಾನ್ಯ ಎಲ್‌ಸಿಡಿ ಪರದೆಯ ಹಿಂದೆ ದೀಪ ಉರಿಯುತ್ತಲೇ ಇರುವುದರಿಂದ ಅಷ್ಟು ಉಳಿತಾಯವಿಲ್ಲ.

ಈಗ ನೀವೇ ಪರೀಕ್ಷಿಸಿ. ಮನೆಯವರ ಮೊಬೈಲ್‌ನಲ್ಲಿ ಒಂದೇ ಪಾಠವನ್ನು ಹಗಲು ಮತ್ತು ರಾತ್ರಿ, ಎರಡೂ ಬಗೆಯಲ್ಲಿ ಓದಿ. ಯಾವಾಗ ಯಾವುದು ಸುಲಭ? ಪಟ್ಟಿ ಮಾಡಿ, ತರಗತಿಯಲ್ಲಿ ಚರ್ಚಿಸಿ.