ಮೀಟರ್ ಬೋರ್ಡಿನ ಹಿಂದೆ

ಯಾದಗಿರಿಯಿಂದ ಶಹಾಪುರಕ್ಕೆ ಹೊರಟು ಭೀಮಾ ಸೇತುವೆ ದಾಟುವಷ್ಟರಲ್ಲಿ ನಮ್ಮ ಹಳೆಯ ಅಂಬಾಸಿಡರಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಬಾನೆಟ್ ಎತ್ತಿ ನೋಡಿದರೆ ನೀರು ಕುದಿಯುತ್ತಿಲ್ಲ, ರೇಡಿಯೇಟರ್ ಸೋರಿಲ್ಲ. ಪೆಟ್ರೋಲ್ ಅರ್ಧ ಟ್ಯಾಂಕ್ ಇದ್ದರೂ ಅದರ ಮುಳ್ಳು ಫುಲ್ ಬಳಿ ನಿಂತಿದೆ. ವರ್ಷಗಟ್ಟಲೆ ಶೆಡ್ಡಿನಲ್ಲಿದ್ದ ಗಾಡಿಗೆ ತಗಡು ಕೆಲಸ, ಪೇಂಟು, ಸೀಟು ಎಲ್ಲ ಮುಗಿಸಿ ಹದಿನೈದು ದಿನವೂ ಆಗಿರಲಿಲ್ಲ. ಮೀಟರ್ ಎರಡೂ ಹೋಗಿವೆ ಎಂದರು ಒಬ್ಬರು. ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕೋಣ ಎಂದರು ಇನ್ನೊಬ್ಬರು.

ಶಹಾಪುರದ ಒಂದು ಬ್ಯಾಟರಿ ಅಂಗಡಿಯ ಹಿರಿಯ ಮೇಸ್ತ್ರಿ ಎರಡನ್ನೂ ಒಪ್ಪಲಿಲ್ಲ. ಟೆಸ್ಟ್ ಲ್ಯಾಂಪ್ ಹಿಡಿದು, ಬೆನ್ನನ್ನು ಸೀಟಿಗೆ ಕೊಟ್ಟು, ತಲೆಯನ್ನು ಕ್ಲಚ್ ಪೆಡಲಿನ ಬಳಿ ಇಳಿಬಿಟ್ಟು ಡ್ಯಾಶ್‌ಬೋರ್ಡಿನ ಕೆಳಗೆ ನುಗ್ಗಿದರು. ಒಳಗಿಂದಲೇ ಹೇಳಿದರು: “ಎರಡೂ ಮುಳ್ಳು ಕೂಡೇ ಏರ್ಯಾವಂದ್ರ ಮೀಟರ್ ತಪ್ಪಲ್ರಿ ಸರ. ಅರ್ತಿಂಗ್ ಹೋಗ್ಯದ.”

ಬ್ರಿಟಿಷ್ ವಿನ್ಯಾಸದ ಅನೇಕ ಹಳೆಯ ಗಾಡಿಗಳಲ್ಲಿ ಪೆಟ್ರೋಲ್ ಮತ್ತು ಬಿಸಿಯ ಮೀಟರುಗಳಿಗೆ ಬ್ಯಾಟರಿಯ ಕರೆಂಟು ನೇರ ಹೋಗುವುದಿಲ್ಲ. ಮೀಟರಿನ ಬೆನ್ನಿಗೆ ಅಂಟಿದ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ತಗಡಿನ ಡಬ್ಬಿ, ಅಂದರೆ ಸ್ಟೆಬಿಲೈಸರ್, ಅದನ್ನು ಸರಾಸರಿ 10 ವೋಲ್ಟಿಗೆ ಇಳಿಸಿ ಕೊಡುತ್ತದೆ. ಅದರೊಳಗಿನ ಎರಡು ಲೋಹದ ಪಟ್ಟಿ ಕಾದು ಬಾಗಿ ಸಂಪರ್ಕ ಬಿಡುತ್ತದೆ, ತಣಿದು ಮತ್ತೆ ಕೂಡುತ್ತದೆ. ಕಾಯಬೇಕಾದರೆ ಡಬ್ಬಿಯ ಮೈ ಗಾಡಿಯ ಬಾಡಿಗೆ ತಾಗಿರಬೇಕು. ತಾಗದಿದ್ದರೆ ಪಟ್ಟಿ ಬಾಗುವುದೇ ಇಲ್ಲ. 12 ವೋಲ್ಟೂ ಹಾಗೇ ಹರಿದು ಎರಡು ಮುಳ್ಳೂ ಸುಳ್ಳು ಹೇಳುತ್ತವೆ. ನಮ್ಮ ಗಾಡಿಗೆ ಚೆಂದವಾಗಿ ಹೊಡೆಸಿದ ಪೇಂಟು ಸ್ಕ್ರೂ ಕೂರುವ ಜಾಗವನ್ನೂ ಮುಚ್ಚಿತ್ತು. ಮೇಸ್ತ್ರಿ ಎಮ್ರಿ ಪೇಪರಿನಿಂದ ನಾಲ್ಕಾಣೆ ಅಗಲ ಉಜ್ಜಿ, ಬೆಳ್ಳಗೆ ಲೋಹ ಕಂಡ ಮೇಲೆ ಸ್ಕ್ರೂ ಬಿಗಿದರು. ಅಷ್ಟೇ.

ಹಳೆ ಗಾಡಿ ಎಬ್ಬಿಸುವವರು ಹೊಳಪಿಗೆ ಕೊಡುವ ಗಮನದಲ್ಲಿ ಕಾಲುಪಾಲನ್ನಾದರೂ ಅರ್ತಿಂಗಿಗೆ ಕೊಡಬೇಕು ಎಂಬುದು ನನ್ನ ದೃಢವಾದ ಮಾತು. ಇಂಡಿಕೇಟರ್ ಹಾಕಿದಾಗ ಮೀಟರಿನ ದೀಪವೂ ಮಿಣುಕಿದರೆ, ಹಾರ್ನ್ ಒತ್ತಿದಾಗ ಮುಳ್ಳು ಕುಣಿದರೆ, ಕರೆಂಟು ಮರಳುವ ದಾರಿ ಸಿಗದೆ ಪಕ್ಕದ ಬಲ್ಬಿನ ಮೂಲಕ ನುಸುಳುತ್ತಿದೆ ಎಂದು ಮೊದಲು ಅನುಮಾನಿಸಬೇಕು. ದೀಪಗಳನ್ನೆಲ್ಲ ಹಚ್ಚಿಟ್ಟು ಬ್ಯಾಟರಿಯ ಮೈನಸ್‌ಗೂ ಮೀಟರಿನ ತಗಡಿಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕಂತೆ.

ವೈರುಗಳ ಬಣ್ಣವನ್ನು ಮೇಸ್ತ್ರಿಗಳು ಅಕ್ಷರದಂತೆ ಓದುತ್ತಾರೆ. ಬರ್ಮಿಂಗ್‌ಹ್ಯಾಮಿನ ಲೂಕಾಸ್ ಕಂಪನಿ ರೂಢಿಗೆ ತಂದ ಲೆಕ್ಕವದು. ಕಂದು ಬ್ಯಾಟರಿಯಿಂದ ನೇರ ಬಂದದ್ದು, ಬಿಳಿ ಚಾವಿ ತಿರುಗಿಸಿದ ಮೇಲೆ ಜೀವ ಬರುವಂಥದ್ದು, ಹಸಿರು ಫ್ಯೂಸ್ ದಾಟಿ ಬಂದದ್ದು, ಕಪ್ಪು ಅರ್ತಿಂಗ್. 1961ರಲ್ಲಿ ಚೆನ್ನೈನ ಪಾಡಿಯಲ್ಲಿ ಲೂಕಾಸ್ ಟಿವಿಎಸ್ ಶುರುವಾಗಿ ಡೈನಮೊ, ಸೆಲ್ಫ್ ಮೋಟಾರುಗಳು ಇಲ್ಲೇ ತಯಾರಾಗತೊಡಗಿದವು. ಆದರೆ ಕೈಯಿಂದ ಕೈಗೆ ದಾಟಿದ ಗಾಡಿಯಲ್ಲಿ ಬಣ್ಣವನ್ನೇ ನಂಬುವಂತಿಲ್ಲ. ಯಾವಾಗಲೋ ಯಾರೋ ಸಿಕ್ಕ ವೈರನ್ನು ತಿರುಚಿ ಟೇಪ್ ಸುತ್ತಿರುತ್ತಾರೆ. ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆ ಕಾವಿಗೆ ಟೇಪಿನ ಅಂಟು ಕರಗುತ್ತದೆ, ಹಳೆ ರಬ್ಬರು ಬಿರಿದು ಉದುರುತ್ತದೆ. ಉಳಿದದ್ದನ್ನು ಶೆಡ್ಡಿನ ಇಲಿ ನೋಡಿಕೊಳ್ಳುತ್ತದೆ.

ಚಾರ್ಜಿಂಗಿನ ಕೆಂಪು ದೀಪದ ಬಗ್ಗೆಯೂ ಹೇಳಲೇಬೇಕು. ಡೈನಮೊ ತೆಗೆದು ಆಲ್ಟರ್ನೇಟರ್ ಕೂರಿಸಿದ ಎಷ್ಟೋ ಗಾಡಿಗಳಲ್ಲಿ ಅದು ಬರೀ ಎಚ್ಚರಿಕೆಯ ದೀಪವಲ್ಲ. ಆಲ್ಟರ್ನೇಟರ್ ಎಚ್ಚರಗೊಳ್ಳಲು ಬೇಕಾದ ಮೊದಲ ಕರೆಂಟು ಆ ಬಲ್ಬಿನ ಮೂಲಕವೇ ಹೋಗುತ್ತದೆ. ಬಲ್ಬು ಸುಟ್ಟರೆ ಚಾರ್ಜ್ ಆಗದೆ ಬ್ಯಾಟರಿ ಬರಿದಾಗಬಹುದು.

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. 50 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ವಾಹನಗಳಿಗೆ 2021ರ ಕೇಂದ್ರದ ನಿಯಮ ‘ವಿಂಟೇಜ್’ ನೋಂದಣಿಯನ್ನು ಕೊಟ್ಟಿದೆ. ಹೀಗಾಗಿ ಹಳೆಯ ಮೀಟರನ್ನೇ ಮತ್ತೆ ಬದುಕಿಸಬಲ್ಲ ಇಂಥ ಕೈಗಳ ಬೆಲೆ ಈಗ ಹೆಚ್ಚಿದೆ.

ಅವತ್ತು ಸುರಪುರ ತಲುಪುವಾಗ ಕತ್ತಲಾಗಿತ್ತು. ಗುಡ್ಡದ ಬುಡದಲ್ಲಿ ಎಂಜಿನ್ ಆರಿಸಿ ಮತ್ತೆ ಚಾವಿ ತಿರುಗಿಸಿದೆ. ಹಳದಿ ಬೆಳಕಿನಲ್ಲಿ ಪೆಟ್ರೋಲಿನ ಮುಳ್ಳು ನಿಧಾನಕ್ಕೆ ಏರಿ, ಅರ್ಧಕ್ಕಿಂತ ಸ್ವಲ್ಪ ಕೆಳಗೆ ನಿಂತಿತು.