ಕೊಡೋದು-ತಗೊಳ್ಳೋದು: ಒಂದು ಮಾತಿನ ಲೆಕ್ಕ

ಸಭೆ-ಸಮಾರಂಭಗಳಲ್ಲಿ ‘ಸಾಂಸ್ಕೃತಿಕ ವಿನಿಮಯ’ ಎಂಬ ಮಾತು ಧಾರಾಳವಾಗಿ ಕೇಳಿಬರುತ್ತದೆ. ಅಕ್ಕಲಕೋಟ, ಜತ್ತ ಕಡೆಯ ನಮ್ಮ ಮಂದಿ ಹಾಗನ್ನುವುದಿಲ್ಲ. ‘ನಮಗೂ ಅವರಿಗೂ ಕೊಡೋದು-ತಗೊಳ್ಳೋದು ಅದ’ ಅಂತಾರ. ಅಡತ ಅಂಗಡಿಯ ಉದ್ರಿಗೂ ಅದೇ ಮಾತು, ಬೀಗತನಕ್ಕೂ ಅದೇ. ಮರಾಠಿಯಲ್ಲಿ ಇದಕ್ಕೆ ‘ದೇವಾಣ-ಘೇವಾಣ’.

ವಿನಿಮಯ ಎಂದರೆ ಬದಲಿ. ಒಂದು ಚೀಲ ಜೋಳ ಕೊಟ್ಟರೆ ರೊಕ್ಕ ಬಂತು, ಜೋಳ ಹೋಯಿತು. ಭಾಷೆಯ ವ್ಯವಹಾರ ಹಾಗಲ್ಲ. ನಮ್ಮ ತುಪ್ಪ ಮರಾಠಿಗೆ ಹೋಗಿ ‘ತೂಪ’ ಆಯಿತು. ನಮ್ಮ ಗಡಿಗೆಯ ತುಪ್ಪ ಕಡಿಮೆಯಾಗಲಿಲ್ಲ. ಅಕ್ಕ, ಅಣ್ಣ ಅವರ ಮನೆಯಲ್ಲೂ ಇದ್ದಾರೆ. ಅಡಕೊತ್ತು ‘ಅಡಕಿತ್ತಾ’ ಆಗಿ ಅವರ ಎಲೆ-ಅಡಿಕೆ ಸಂಚಿ ಸೇರಿದೆ. ಅತ್ತಲಿಂದ ಬಂದದ್ದಕ್ಕೆ ಶೇಂಗಾ ನೋಡಿರಿ. ಮರಾಠಿಯಲ್ಲಿ ‘ಶೇಂಗ’ ಎಂದರೆ ಉದ್ದನೆಯ ಯಾವುದೇ ಕಾಯಿ, ನುಗ್ಗೆಯದೂ ಶೇಂಗವೇ. ಇತ್ತ ಬಂದ ಮೇಲೆ ನೆಲದೊಳಗಿನ ಆ ಒಂದೇ ಬೆಳೆಗೆ ನಿಂತಿತು. ಬೆಳೆಯಾದರೂ ದಕ್ಷಿಣ ಅಮೆರಿಕದ್ದು! ‘ಪಗಾರ’ ಪೋರ್ತುಗೀಜರದು, ಎಣಿಸಿಕೊಳ್ಳುವಾಗ ಅದರ ಊರು ಯಾರೂ ಕೇಳುವುದಿಲ್ಲ.

ಕ್ಯೂಬಾದ ಪಂಡಿತ ಫರ್ನಾಂಡೊ ಓರ್ಟಿಜ್ 1940ರಲ್ಲಿ ತಂಬಾಕು-ಸಕ್ಕರೆಗಳ ಮೇಲೆ ಒಂದು ಗ್ರಂಥ ಬರೆದ. ನಮ್ಮ ರೈತರಿಗೆ ಪರಿಚಯದ ಬೆಳೆಗಳೇ. ಅದರಲ್ಲಿ ‘ಟ್ರಾನ್ಸ್‌ಕಲ್ಚರೇಶನ್’ ಎಂಬ ಹೊಸ ಶಬ್ದ ಚಲಾವಣೆಗೆ ತಂದ. ಅಲ್ಲಿಯವರೆಗೆ ಬಳಕೆಯಲ್ಲಿದ್ದ ‘ಅಕಲ್ಚರೇಶನ್’ ಎಂಬುದರಲ್ಲಿ ಒಬ್ಬರು ಇನ್ನೊಬ್ಬರ ರೀತಿ ಕಲಿಯುವುದು ಮಾತ್ರ ಕಾಣುತ್ತಿತ್ತು. ಇಷ್ಟಕ್ಕೇ ಮುಗಿಯಲಿಲ್ಲ ಎಂದ ಓರ್ಟಿಜ್. ಕಲಿಯುವುದರ ಜೊತೆಗೆ ತನ್ನದು ಕಳೆಯುವುದೂ ಇದೆ, ಕೊನೆಗೆ ಹೊಸದೊಂದು ಹುಟ್ಟುವುದೂ ಇದೆ. ಕೂಸು ತಂದೆ-ತಾಯಿ ಇಬ್ಬರನ್ನೂ ಹೋಲುತ್ತದೆ, ಆದರೂ ಬೇರೆಯೇ. ಆಫ್ರಿಕದಿಂದ ಗುಲಾಮರಾಗಿ ಬಂದವರ ಚರಿತ್ರೆ ಬಲ್ಲವನು. ಕಳೆದದ್ದನ್ನು ಲೆಕ್ಕದಿಂದ ಬಿಡಲಿಲ್ಲ.

ನಮ್ಮ ‘ಕೊಡೋದು-ತಗೊಳ್ಳೋದು’ ಸಿಹಿಯಾದ ಮಾತು, ಆದರೆ ಕಳೆಯುವ ಕಲಮು ಅದರಲ್ಲಿಲ್ಲ. ಗಡಿಯಾಚೆ ಅನೇಕ ಮನೆಗಳಲ್ಲಿ ಮೊಮ್ಮಗ ಮರಾಠಿ ಶಾಲೆಗೆ ಹೋಗುತ್ತಾನೆ. ತಪ್ಪೇನಿಲ್ಲ, ನೌಕರಿಗೆ ಬೇಕು, ಪೇಟೆಗೆ ಬೇಕು. ಅಜ್ಜಿ ‘ಇಪ್ಪತ್ತೇಳು’ ಅಂತಾಳ, ಅವನು ‘ಸತ್ತಾವೀಸ’ ಅಂತಾನ, ಇಬ್ಬರಿಗೂ ತಿಳೀತದ. ತಿಳಿಯುವವರೆಗೆ ಅದು ವ್ಯವಹಾರ. ಇಪ್ಪತ್ತೇಳು ಅಂದರೆ ಎಷ್ಟು ಎಂದು ಅವನ ಮಗ ಕೇಳಿದ ದಿನ ಖಾತೆಯಲ್ಲಿ ಜಮಾ ಅಷ್ಟೇ ಕಾಣಿಸಿ ಖರ್ಚು ಬರೆಯದೆ ಉಳಿದಂತೆ.

ನಿಮ್ಮ ಮನೆಯಲ್ಲಿ ಸಂತೆಯ ಲೆಕ್ಕ ಈಗ ಯಾವ ಭಾಷೆಯಲ್ಲಿ ನಡೀತದ?